ಹೆಬ್ಬಾಗಿಲಿನ ಶಿಲುಬೆ: ಯುಟೋಪಿಯ ಕೃತಿಗಳಲ್ಲಿ ಕ್ರೈಸ್ತ ಪ್ರತೀಕಗಳು

ಆದರ್ಶ ರಾಜ್ಯವನ್ನು ಕಲ್ಪಿಸಿದ ಲೇಖಕರು ಅದರ ಕಾನೂನು, ಕೃಷಿ, ವಿವಾಹಪದ್ಧತಿ, ಶಿಕ್ಷಣಗಳನ್ನು ಕುರಿತು ಪುಟಗಟ್ಟಲೆ ಬರೆಯುತ್ತಾರೆ. ವಿಮರ್ಶಕರೂ ಸಾಮಾನ್ಯವಾಗಿ ಅವುಗಳ ಬೆನ್ನು ಹತ್ತುತ್ತಾರೆ. ಹದಿನಾರು ಮತ್ತು ಹದಿನೇಳನೆಯ ಶತಮಾನಗಳ ಯುರೋಪಿನಲ್ಲಿ ಹುಟ್ಟಿದ ಯುಟೋಪಿಯ ಕೃತಿಗಳನ್ನು ಓದುವಾಗ ನನ್ನ ಗಮನ ಬೇರೊಂದು ಕಡೆಗೆ ಹೋಗುತ್ತದೆ. ದಿಕ್ಕು ತಪ್ಪಿದ, ದಣಿದ ಪರದೇಶಿಯೊಬ್ಬ ಆ ನಾಡಿನ ದಡಕ್ಕೆ ಬಂದು ನಿಂತಾಗ ಅವನನ್ನು ಏನು ಕೇಳಲಾಗುತ್ತದೆ? ಯಾವ ಚಿಹ್ನೆ ಅವನ ಕಣ್ಣಿಗೆ ಮೊದಲು ಬೀಳುತ್ತದೆ? ಆ ಚಿಹ್ನೆ ಅವನಿಗೆ ಅಭಯ ನೀಡುತ್ತದೆಯೋ, ಅವನನ್ನು ಪರೀಕ್ಷಿಸುತ್ತದೆಯೋ?

ಈ ಕೃತಿಗಳ ಕ್ರೈಸ್ತ ಪ್ರತೀಕಗಳನ್ನು ಕುರಿತು ಎರಡು ಸುಲಭದ ಅಭಿಪ್ರಾಯಗಳು ಪ್ರಚಲಿತವಾಗಿವೆ. ಅವು ಆ ಕಾಲದ ಲೇಖಕರು ಅನಿವಾರ್ಯವಾಗಿ ತೊಡಿಸಿದ ಅಲಂಕಾರವೆಂಬುದು ಒಂದು. ಇಡೀ ಕೃತಿಯೇ ಮತಪ್ರಚಾರವೆಂಬುದು ಇನ್ನೊಂದು. ಎರಡೂ ಪಠ್ಯಕ್ಕೆ ನ್ಯಾಯ ಸಲ್ಲಿಸುವುದಿಲ್ಲ. ಪ್ರತೀಕದ ಅರ್ಥ ಅದರ ಆಕಾರದಲ್ಲಿರುವಷ್ಟೇ ಅದು ನಿಂತಿರುವ ಸ್ಥಳದಲ್ಲೂ ಇರುತ್ತದೆ. ಶಿಲುಬೆ ನಗರದ ನಡುವೆ ಇದೆಯೋ, ಗೋಡೆಯ ಮೇಲಿದೆಯೋ, ಹೆಬ್ಬಾಗಿಲಿನಲ್ಲಿದೆಯೋ, ಅಥವಾ ಎಲ್ಲಿಯೂ ಇಲ್ಲವೋ ಎಂಬುದನ್ನು ಗಮನಿಸಿದರೆ ಆ ಆದರ್ಶ ನಗರ ಯಾರಿಗಾಗಿ ಕಟ್ಟಲ್ಪಟ್ಟಿದೆ ಎಂಬುದು ತಿಳಿಯುತ್ತದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು.

ಈ ಲೇಖಕರಿಗೆಲ್ಲ ಸಾಮಾನ್ಯವಾಗಿದ್ದ ಬಂಡವಾಳ ಬೈಬಲ್ಲಿನದು. ಅದರ ಆರಂಭದಲ್ಲಿ ಏದೆನ್ ತೋಟವಿದೆ. ಆದಿ ದಂಪತಿಗಳನ್ನು ಹೊರಹಾಕಿದ ಮೇಲೆ ಅದರ ದಾರಿಯನ್ನು ಕಾಯಲು ಕೆರೂಬಿಗಳೆಂಬ ದಿವ್ಯಜೀವಿಗಳನ್ನೂ ಉರಿಯುವ ಕತ್ತಿಯನ್ನೂ ನಿಲ್ಲಿಸಲಾಗುತ್ತದೆ. ಕೊನೆಯಲ್ಲಿ, ಯೋಹಾನನ ಪ್ರಕಟನೆಯಲ್ಲಿ, ಹೊಸ ಜೆರುಸಲೇಮ್ ಇದೆ. ಚಚ್ಚೌಕವಾದ ಆ ನಗರಕ್ಕೆ ಹನ್ನೆರಡು ಬಾಗಿಲುಗಳು, ಹನ್ನೆರಡು ಅಸ್ತಿವಾರಗಳು. ಅದರ ಬಾಗಿಲುಗಳನ್ನು ಎಂದೂ ಮುಚ್ಚುವುದಿಲ್ಲವೆಂದೂ, ಅಶುದ್ಧವಾದದ್ದು ಯಾವುದೂ ಒಳಗೆ ಬಾರದೆಂದೂ ಆ ಗ್ರಂಥ ಒಂದೇ ಉಸಿರಿನಲ್ಲಿ ಹೇಳುತ್ತದೆ. ತೆರೆದ ಬಾಗಿಲು ಮತ್ತು ಅಲ್ಲಿನ ನಿರ್ಬಂಧ, ಇವೆರಡರ ನಡುವಿನ ಬಿಗುವನ್ನು ಯುಟೋಪಿಯ ಸಾಹಿತ್ಯ ಅಲ್ಲಿಂದಲೇ ಪಡೆದುಕೊಂಡಿತು. ನೋಹನ ನಾವೆಯ ಕಥೆ ಮತ್ತು ಅಪೊಸ್ತಲರಿಗೆ ನಾನಾ ಭಾಷೆಗಳ ವರ ದೊರೆತ ಪಂಚಾಶತ್ತಮ ಹಬ್ಬದ ಪ್ರಸಂಗ ಇದೇ ಭಂಡಾರದ ಇನ್ನೆರಡು ಚಿತ್ರಗಳು.

ಥಾಮಸ್ ಮೋರ್‌ನ 'ಯುಟೋಪಿಯ' 1516ರಲ್ಲಿ ಲೂವೆನ್ ನಗರದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಪ್ರಕಟವಾಯಿತು. ಮಾರ್ಟಿನ್ ಲೂಥರನ ಪ್ರತಿಭಟನೆಗೆ ಇನ್ನೂ ಒಂದು ವರ್ಷ ಬಾಕಿಯಿತ್ತು. ಈ ದ್ವೀಪದಲ್ಲಿ ಶಿಲುಬೆಯಿಲ್ಲ. ದೇವಾಲಯಗಳ ಒಳಗೆ ಮಂದ ಬೆಳಕು. ದೇವರ ಪ್ರತಿಮೆಗಳಿಲ್ಲ, ಪ್ರತಿಯೊಬ್ಬನೂ ತನಗೆ ತೋಚಿದ ರೂಪದಲ್ಲಿ ದೈವವನ್ನು ಭಾವಿಸಿಕೊಳ್ಳಬಹುದು. ಎಲ್ಲ ಪಂಥದವರಿಗೂ ಸಲ್ಲುವ ಮಾತುಗಳಷ್ಟೇ ಅಲ್ಲಿ ಉಚ್ಚರಿಸಲ್ಪಡುತ್ತವೆ. ಪಂಥವಿಶೇಷದ ಆಚರಣೆಗಳು ಮನೆಗಳಲ್ಲಿ ನಡೆಯುತ್ತವೆ. ಕ್ರೈಸ್ತನಾದ ಮೋರ್ ತನ್ನ ಆದರ್ಶ ನಾಡಿನ ಗರ್ಭಗುಡಿಯನ್ನು ಉದ್ದೇಶಪೂರ್ವಕವಾಗಿ ಬರಿದಾಗಿ ಬಿಟ್ಟಿದ್ದಾನೆ. ಪ್ರತೀಕವನ್ನು ಅವನು ಅಡಗಿಸಿಟ್ಟಿರುವುದು ಹೆಸರಿನಲ್ಲಿ. ಕಥೆ ಹೇಳುವ ನಾವಿಕ ರಾಫೇಲ್ ಹಿತ್ಲೊಡೇಯಸ್. ತೋಬಿತನ ಗ್ರಂಥದಲ್ಲಿ ಕುರುಡನಿಗೆ ದೃಷ್ಟಿ ಮರಳುವಂತೆ ಮಾಡುವ ದೇವದೂತನ ಹೆಸರು ರಾಫೇಲ್. ಹಿತ್ಲೊಡೇಯಸ್ ಎಂಬ ಗ್ರೀಕ್ ಮೂಲದ ಪದಕ್ಕೆ ಹುಸಿಮಾತಿನ ನಿಪುಣ ಎಂಬರ್ಥ. ಕಣ್ಣು ತೆರೆಸುವವನೂ ಬೊಗಳೆ ಬಿಡುವವನೂ ಒಬ್ಬನೇ ಆಗಿರುವುದರಿಂದ ಕೃತಿಯ ದನಿ ಎಲ್ಲಿಯೂ ಉಪದೇಶಕ್ಕೆ ಇಳಿಯುವುದಿಲ್ಲ.

ಕ್ರಿಸ್ತನ ವಾರ್ತೆ ಈ ನಾಡಿಗೆ ಪ್ರಯಾಣಿಕರೊಂದಿಗೆ ಬರುತ್ತದೆ. ಅನೇಕರು ಅದನ್ನು ಸ್ವೀಕರಿಸುತ್ತಾರೆ; ಕ್ರಿಸ್ತನ ಶಿಷ್ಯರು ಎಲ್ಲವನ್ನೂ ಸಮಾನವಾಗಿ ಹಂಚಿಕೊಂಡು ಬಾಳುತ್ತಿದ್ದರೆಂಬುದು ಅವರಿಗೆ ಹಿಡಿಸುತ್ತದೆ. ಆದರೆ ಹೊಸದಾಗಿ ದೀಕ್ಷಾಸ್ನಾನ ಪಡೆದ ಒಬ್ಬ ಬೀದಿಯಲ್ಲಿ ನಿಂತು ಉಳಿದ ಧರ್ಮದವರೆಲ್ಲ ನರಕಕ್ಕೆ ಯೋಗ್ಯರೆಂದು ಸಾರತೊಡಗಿದಾಗ ಅವನನ್ನು ಗಡೀಪಾರು ಮಾಡಲಾಗುತ್ತದೆ. ಅವನ ಮೇಲಿನ ಆರೋಪ ಧರ್ಮನಿಂದೆಯದಲ್ಲ, ಜನರಲ್ಲಿ ಕ್ಷೋಭೆ ಎಬ್ಬಿಸಿದ್ದು. ಮೋರ್‌ನ ನಾಡಿನ ಬಾಗಿಲು ಹೊರಗಿನಿಂದ ಬರುವ ನಂಬಿಕೆಗೆ ತೆರೆದಿದೆ. ಇತರರಿಗೆ ಬಾಗಿಲು ಮುಚ್ಚುವ ನಂಬಿಕೆಯನ್ನು ಅದು ಹೊರಗೆ ಕಳಿಸುತ್ತದೆ. ಇದೇ ಮೋರ್ ಮುಂದೆ ಇಂಗ್ಲೆಂಡಿನ ಚಾನ್ಸಲರ್ ಆಗಿದ್ದಾಗ ಭಿನ್ನಮತೀಯರ ವಿಷಯದಲ್ಲಿ ಕಠೋರನಾಗಿದ್ದನೆಂಬುದನ್ನೂ, 1535ರಲ್ಲಿ ತನ್ನ ನಂಬಿಕೆಗಾಗಿಯೇ ತಲೆಯೊಪ್ಪಿಸಿದನೆಂಬುದನ್ನೂ ಓದುಗ ಮರೆಯಬಾರದು. ಕಲ್ಪನೆಯಲ್ಲಿ ಸಾಧ್ಯವಾದದ್ದು ಅಧಿಕಾರದಲ್ಲಿ ಸಾಧ್ಯವಾಗಲಿಲ್ಲ.

ಜೈನ ಓದುಗನನ್ನು ಮೋರ್‌ನ ಇನ್ನೊಂದು ವಿವರ ತಡೆದು ನಿಲ್ಲಿಸುತ್ತದೆ. ಕರುಣಾಳುವಾದ ದೇವರು ಪ್ರಾಣಿಗಳ ವಧೆಯಿಂದ ಸಂತೋಷಪಡಲಾರನೆಂದು ಅಲ್ಲಿನವರು ಬಲಿ ಕೊಡುವುದಿಲ್ಲ. ಧೂಪ ಹಾಕಿ, ಮೇಣದ ಬತ್ತಿಗಳನ್ನು ಹೊತ್ತಿಸುತ್ತಾರೆ. ಆದರೆ ಅವರು ಮಾಂಸ ತಿನ್ನುತ್ತಾರೆ. ವಧೆ ನಡೆಯುವುದು ನಗರದ ಹೊರಗೆ, ಅದನ್ನು ಮಾಡುವವರು ಗುಲಾಮರು. ಕೊಲ್ಲುವ ಅಭ್ಯಾಸದಿಂದ ನಾಗರಿಕರ ಹೃದಯದ ದಯೆ ಸವೆದುಹೋದೀತೆಂಬ ಕಾಳಜಿಯಿಂದ ಈ ಏರ್ಪಾಡು. ಗುಲಾಮನ ಹೃದಯದ ಬಗೆಗೆ ಕೃತಿ ಮೌನವಾಗಿದೆ. ಗುಡಿಯೊಳಗಿನ ಬತ್ತಿಯ ಬೆಳಕು ಎಷ್ಟೇ ನಿರ್ಮಲವಾಗಿರಲಿ, ಊರ ಹೊರಗಿನ ಈ ರಕ್ತವನ್ನು ಬಿಟ್ಟು ಅದರ ಅರ್ಥವನ್ನು ನಿರ್ಣಯಿಸಲಾಗದು.

ಮೋರ್ ಬರಿದಾಗಿ ಬಿಟ್ಟ ಗೋಡೆಯನ್ನು ಟೊಮ್ಮಾಸೊ ಕಂಪನೆಲ್ಲಾ ಚಿತ್ರಗಳಿಂದ ತುಂಬಿದನು. ಕಲಾಬ್ರಿಯ ಪ್ರಾಂತ್ಯದ ಈ ಡೊಮಿನಿಕನ್ ಸಂನ್ಯಾಸಿ 1599ರ ದಂಗೆಯ ಸಂಚಿನ ಆರೋಪದ ಮೇಲೆ ಸೆರೆಸಿಕ್ಕು, ಬದುಕಿನ ಎರಡೂವರೆ ದಶಕಗಳಿಗೂ ಹೆಚ್ಚು ಕಾಲವನ್ನು ಸೆರೆಯಲ್ಲಿ ಕಳೆದನು. 'ಸೂರ್ಯನಗರ'ವನ್ನು ಅವನು 1602ರಲ್ಲಿ ನೇಪಲ್ಸಿನ ಸೆರೆಮನೆಯಲ್ಲಿ ಬರೆದನು. ಲ್ಯಾಟಿನ್ ಆವೃತ್ತಿ 1623ರಲ್ಲಿ ಫ್ರಾಂಕ್‌ಫರ್ಟಿನಿಂದ ಪ್ರಕಟವಾಯಿತು. ನಗರವಿರುವುದು ತಪ್ರೊಬಾನ ದ್ವೀಪದಲ್ಲಿ. ಪ್ರಾಚೀನರು ಸಿಂಹಳವನ್ನು ಕರೆಯುತ್ತಿದ್ದ ಹೆಸರು ಅದು. ಅಲ್ಲಿನ ಜನ ದರೋಡೆಕೋರರಿಗೂ ಕ್ರೂರ ಆಳರಸರಿಗೂ ಹೆದರಿ ಭಾರತದಿಂದ ಓಡಿಬಂದ ತತ್ತ್ವಜ್ಞಾನಿಗಳ ವಂಶಜರೆಂದು ಕಂಪನೆಲ್ಲಾ ಹೇಳುತ್ತಾನೆ. ಕತ್ತಲ ಕೋಣೆಯಲ್ಲಿ ಕುಳಿತ ಇಟಲಿಯ ಸಂನ್ಯಾಸಿಗೆ ಆದರ್ಶ ಪ್ರಜೆಗಳು ಭಾರತೀಯ ನಿರಾಶ್ರಿತರಾಗಿ ಕಂಡರೆಂಬುದು ನಮ್ಮ ಸಂಶೋಧಕರು ಗಮನಿಸಬೇಕಾದ ಸಂಗತಿ.

ಏಳು ಗ್ರಹಗಳ ಹೆಸರಿನ ಏಳು ಸುತ್ತುಗಳ ನಗರ ಅದು. ನಡುವಿನ ಗುಡ್ಡದ ಮೇಲೆ ವೃತ್ತಾಕಾರದ ದೇವಾಲಯ. ವೇದಿಕೆಯ ಮೇಲೆ ಆಕಾಶದ ಮತ್ತು ಭೂಮಿಯ ಎರಡು ಗೋಲಗಳು. ಮೇಲೆ ನಂದದೆ ಉರಿಯುವ ಏಳು ದೀಪಗಳು. ನಡುವಿನಲ್ಲಿ ಶಿಲುಬೆಯಿಲ್ಲ, ಬ್ರಹ್ಮಾಂಡವಿದೆ. ಆದರೆ ಆಳುವ ಪುರೋಹಿತನ ಕೈಕೆಳಗಿನ ಮೂವರು ಅಧಿಕಾರಿಗಳ ಹೆಸರುಗಳು ಶಕ್ತಿ, ಜ್ಞಾನ, ಪ್ರೇಮ ಎಂಬುದನ್ನು ಸೂಚಿಸುತ್ತವೆ. ಕ್ರೈಸ್ತರ ತ್ರಯೈಕ್ಯವು ಅಲ್ಲಿ ಆಡಳಿತದ ಸ್ವರೂಪ ತಾಳಿದೆ. ಕೋಟೆಗೋಡೆಗಳ ಮೇಲೆ ಸಕಲ ವಿದ್ಯೆಗಳ ಚಿತ್ರಗಳಿವೆ. ಧರ್ಮಸಂಹಿತೆಗಳನ್ನು ನೀಡಿದವರ ಸಾಲಿನಲ್ಲಿ ಮೋಶೆ, ಒಸಿರಿಸ್, ಜುಪಿಟರ್, ಮುಹಮ್ಮದ್ ಇದ್ದಾರೆ. ಅತ್ಯುನ್ನತ ಸ್ಥಾನದಲ್ಲಿ ಕ್ರಿಸ್ತನೂ ಹನ್ನೆರಡು ಅಪೊಸ್ತಲರೂ ಇದ್ದಾರೆ. ಇಲ್ಲಿ ಪ್ರತೀಕವು ಶ್ರೇಣಿಯನ್ನು ನಿರ್ಮಿಸುತ್ತದೆ. ಎಲ್ಲರಿಗೂ ಗೋಡೆಯ ಮೇಲೆ ಜಾಗವುಂಟು, ಸಮಾನ ಎತ್ತರದಲ್ಲಿ ಮಾತ್ರ ಇಲ್ಲ.

ಆದರೂ ಪರದೇಶಿಗೆ ಆ ನಗರ ತೋರುವ ಉಪಚಾರ ಹೃದ್ಯವಾದದ್ದು. ಬಂದವನ ಕಾಲು ತೊಳೆದು ಮೂರು ದಿನ ಸತ್ಕರಿಸುತ್ತಾರೆ. ಕೊನೆಯ ಭೋಜನದಲ್ಲಿ ಕ್ರಿಸ್ತನು ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ಬಲ್ಲ ಓದುಗನಿಗೆ ಇದರ ಮೂಲವನ್ನು ವಿವರಿಸಬೇಕಾಗಿಲ್ಲ. ಕ್ರಿಸ್ತನ ಹೆಸರೆತ್ತದೆ ಅವನ ಕ್ರಿಯೆಯನ್ನು ಉಳಿಸಿಕೊಂಡ ಈ ಜಾಗ, ನನ್ನ ದೃಷ್ಟಿಯಲ್ಲಿ, ಆ ಕೃತಿಯ ಅತ್ಯಂತ ಕ್ರೈಸ್ತವಾದ ಜಾಗ. ಅದೇ ಸೂರ್ಯನಗರದವರು ಮೊದಮೊದಲು ಪ್ರಾಣಿವಧೆ ಕ್ರೂರವೆಂದು ಹಿಂಜರಿದಿದ್ದರಂತೆ. ಬಳಿಕ, ಸಸ್ಯಗಳಿಗೂ ಸಂವೇದನೆಯುಂಟು, ಅವನ್ನು ಕಡಿಯುವುದೂ ಕ್ರೌರ್ಯವೇ, ಹೀಗೆ ಹೊರಟರೆ ಹಸಿದು ಸಾಯಬೇಕಾದೀತೆಂದು ತರ್ಕಿಸಿ ಮಾಂಸಾಹಾರಿಗಳಾದರಂತೆ. ಏಕೇಂದ್ರಿಯ ಜೀವದ ಸಂವೇದನೆಯನ್ನು ಒಪ್ಪಿದ ಮೇಲೆ ಜೈನ ಚಿಂತನೆ ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದದ್ದು. ಹಿಂಸೆ ಪೂರ್ತಿಯಾಗಿ ತಪ್ಪದೆಂಬುದು ಅಲ್ಲಿ ಅದನ್ನು ಇಂದ್ರಿಯಗಳ ಶ್ರೇಣಿಗನುಸಾರ ಕಡಿಮೆ ಮಾಡುತ್ತ ಹೋಗಲು ಕಾರಣವಾಯಿತು.

ಯೋಹಾನ್ ವ್ಯಾಲೆಂಟಿನ್ ಆಂಡ್ರೆಯೆ ಲೂಥರನ ಪಂಥದ ಪಾದ್ರಿ. ಅವನ 'ಕ್ರಿಸ್ಟಿಯಾನೊಪೊಲಿಸ್' 1619ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಅಚ್ಚಾಯಿತು. ಜರ್ಮನ್ ನಾಡುಗಳನ್ನು ಹಾಳುಗೆಡವಿದ ಮೂವತ್ತು ವರ್ಷಗಳ ಯುದ್ಧ ಹಿಂದಿನ ವರ್ಷವಷ್ಟೇ ಆರಂಭವಾಗಿತ್ತು. ಕಥಾನಾಯಕ 'ಕಲ್ಪನೆ' ಎಂಬ ಹೆಸರಿನ ಹಡಗನ್ನೇರಿ ವಿದ್ಯಾಸಮುದ್ರದಲ್ಲಿ ಹೊರಟು, ಬಿರುಗಾಳಿಗೆ ಸಿಕ್ಕು, ಕಾಫಾರ್ ಸಲಾಮ ಎಂಬ ದ್ವೀಪದ ದಡ ಸೇರುತ್ತಾನೆ. ಹೆಸರಿನ ಅರ್ಥ ಶಾಂತಿಯ ಗ್ರಾಮ. ಚಚ್ಚೌಕದ ನಗರ ಹೊಸ ಜೆರುಸಲೇಮಿನ ನೆನಪು, ನಡುವೆ ದುಂಡನೆಯ ದೇವಾಲಯ, ಆಳುವವರು ಮೂವರು. ಇಲ್ಲಿ ಪ್ರತೀಕವಲ್ಲದ ಕಲ್ಲೇ ಇಲ್ಲವೆನ್ನಬಹುದು.

ಹೀಗೆ ತುಂಬಿತುಳುಕುವ ನಗರವನ್ನು ಹೊಗುವ ಮುನ್ನ ಮೂರು ಪರೀಕ್ಷೆಗಳಿವೆ. ಮೊದಲನೆಯ ಪರೀಕ್ಷಕ ವೃತ್ತಿಯನ್ನು ವಿಚಾರಿಸುತ್ತಾನೆ. ಭಿಕ್ಷುಕರಿಗೂ ವೇಷಗಾರರಿಗೂ ಮೋಸದ ವೈದ್ಯರಿಗೂ ಅಲ್ಲಿ ಎಡೆಯಿಲ್ಲ. ಎರಡನೆಯವ ಶೀಲವನ್ನು ಅಳೆಯುತ್ತಾನೆ. ಮೂರನೆಯವ ವಿದ್ಯೆಯನ್ನೂ ಆತ್ಮಜ್ಞಾನವನ್ನೂ ಪ್ರಶ್ನಿಸುತ್ತಾನೆ. ಉತ್ತರ ತೋಚದ ಪ್ರಯಾಣಿಕ ತನ್ನ ಅರಿವುಗೇಡಿತನವನ್ನು ಒಪ್ಪಿಕೊಂಡಾಗ, ಸಮುದ್ರವೇ ತೊಳೆದು ಕೊಟ್ಟ ಶುಭ್ರ ಹಲಗೆಯಂತಿರುವ ಇವನು ನಮ್ಮವನೆಂದು ಸ್ವೀಕರಿಸುತ್ತಾರೆ. ಹಡಗು ಒಡೆದದ್ದು ದೀಕ್ಷಾಸ್ನಾನವಾಗಿ ಪರಿವರ್ತನೆಗೊಳ್ಳುವ ಈ ಬಗೆ ಸುಂದರವಾಗಿದೆ. ಆದರೆ ಹಲಗೆ ಶುಭ್ರವಾಗಿರಬೇಕೆಂಬ ಷರತ್ತನ್ನೂ ನೋಡಬೇಕು. ಬೇರೊಂದು ನಂಬಿಕೆಯ ಬರಹ ಈಗಾಗಲೇ ಮೂಡಿರುವ ಹಲಗೆಯೊಂದಿಗೆ ಬಂದವನಿಗೆ ಅಲ್ಲಿ ಏನಾಗುತ್ತಿತ್ತು?

ಈ ಪ್ರಶ್ನೆ ತೀರ ನೇರವಾಗಿ ಎದುರಾಗುವುದು ಫ್ರಾನ್ಸಿಸ್ ಬೇಕನ್‌ನ 'ನ್ಯೂ ಅಟ್ಲಾಂಟಿಸ್' ಕೃತಿಯಲ್ಲಿ. 1626ರಲ್ಲಿ ಬೇಕನ್ ತೀರಿಕೊಂಡ ಮೇಲೆ, ಅಪೂರ್ಣವಾಗಿದ್ದ ಈ ಬರಹವನ್ನು ಅವನ ಆಪ್ತ ಪಾದ್ರಿ ವಿಲಿಯಂ ರಾಲೆ ಪ್ರಕಟಿಸಿದನು. ಪೆರುವಿನಿಂದ ಚೀನ, ಜಪಾನುಗಳಿಗೆ ಹೊರಟ ಹಡಗೊಂದು ದಿಕ್ಕು ತಪ್ಪಿ ಬೆನ್ಸಲೆಮ್ ದ್ವೀಪವನ್ನು ಮುಟ್ಟುತ್ತದೆ. ಹಡಗಿನಲ್ಲಿ 51 ಮಂದಿ. ಅವರಲ್ಲಿ 17 ಮಂದಿ ಕಾಯಿಲೆಯವರು. ದಡದಿಂದ ಬಂದ ಓಲೆ ಹೀಬ್ರೂ, ಗ್ರೀಕ್, ಲ್ಯಾಟಿನ್, ಸ್ಪ್ಯಾನಿಷ್ ಎಂಬ ನಾಲ್ಕು ಭಾಷೆಗಳಲ್ಲಿದೆ. ಯಾರೂ ಇಳಿಯಕೂಡದು, ಹದಿನಾರು ದಿನಗಳೊಳಗೆ ಹೊರಡಬೇಕು, ಬೇಕಾದ ನೆರವನ್ನು ಕೇಳಬಹುದು ಎಂದು ಅದರ ಒಕ್ಕಣೆ. ಕೆಳಗಿನ ಮುದ್ರೆಯಲ್ಲಿ ಕೆರೂಬಿಗಳ ರೆಕ್ಕೆಗಳು ಹರಡಿಕೊಳ್ಳದೆ ಇಳಿಬಿದ್ದಿವೆ, ಪಕ್ಕದಲ್ಲಿ ಶಿಲುಬೆ. ಏದೆನ್ನಿನ ದಾರಿ ಕಾಯುವ ಕೆರೂಬಿಯನ್ನು ನೆನೆದರೆ, ರೆಕ್ಕೆ ಇಳಿಸಿದ ಈ ಕೆರೂಬಿ ತುಸು ಸಡಿಲಗೊಂಡ ಕಾವಲುಗಾರನಂತೆ ನನಗೆ ತೋರುತ್ತದೆ. ಓಲೆಯ ಮಾತು ಬರಬೇಡಿರೆನ್ನುತ್ತದೆ. ಮುದ್ರೆ ಭರವಸೆ ಕೊಡುತ್ತದೆ. ನಾವಿಕರಿಗೆ ಆ ಶಿಲುಬೆಯನ್ನು ಕಂಡು ಜೀವ ಬಂದಂತಾಗುತ್ತದೆ.

ಬಳಿಕ ಅಧಿಕಾರಿಯೊಬ್ಬ ದೋಣಿಯಲ್ಲಿ ಬಂದು ಕೇಳುತ್ತಾನೆ: ನೀವು ಕ್ರೈಸ್ತರೇ? ಮುದ್ರೆಯಲ್ಲಿ ಶಿಲುಬೆಯನ್ನು ಕಂಡಿದ್ದರಿಂದ ಅವರು ಅಳುಕದೆ ಹೌದೆನ್ನುತ್ತಾರೆ. ತಾವು ಕಡಲ್ಗಳ್ಳರಲ್ಲ, ಕಳೆದ ನಲವತ್ತು ದಿನಗಳಲ್ಲಿ ನ್ಯಾಯವಾಗಿಯಾಗಲಿ ಅನ್ಯಾಯವಾಗಿಯಾಗಲಿ ರಕ್ತ ಹರಿಸಿಲ್ಲ ಎಂದು ರಕ್ಷಕನ ಹೆಸರಿನಲ್ಲಿ ಆಣೆಯಿಟ್ಟ ಮೇಲೆ ಇಳಿಯಲು ಅನುಮತಿ ದೊರೆಯುತ್ತದೆ. ತೌಲನಿಕ ಸಾಹಿತ್ಯದ ತರಗತಿಯಲ್ಲಿ ಈ ಭಾಗವನ್ನು ವಿವರಿಸಿದಾಗ ವಿದ್ಯಾರ್ಥಿನಿಯೊಬ್ಬಳು, ನಾವು ಆ ಹಡಗಿನಲ್ಲಿದ್ದಿದ್ದರೆ ಏನು ಹೇಳಬೇಕಿತ್ತು ಎಂದು ಕೇಳಿದಳು. ಆ ತರಗತಿಯಲ್ಲಿ ನಾನಾ ಧರ್ಮಗಳ ಮಕ್ಕಳಿದ್ದರು. ಪಾಠ ಹೇಳುತ್ತಿದ್ದ ನಾನು ಜೈನ. ರಕ್ತ ಹರಿಸಿಲ್ಲವೆಂಬ ಆಣೆಯನ್ನು ನಾನು ಸಂತೋಷದಿಂದ ಮಾಡಿಯೇನು. ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ ಇಲ್ಲವೆಂದೇ ಇರುತ್ತಿತ್ತು. ಆ ಉತ್ತರದ ಮುಂದೇನು ಎಂಬುದನ್ನು ಬೇಕನ್ ಬರೆದಿಲ್ಲ. ಸುಳ್ಳಾಡಿ ದಡ ಸೇರುವುದು, ನಿಜವಾಡಿ ಕಡಲಿನಲ್ಲಿ ಉಳಿಯುವುದು, ಈ ಎರಡರ ನಡುವೆ ಮನುಷ್ಯರನ್ನು ನಿಲ್ಲಿಸುವ ಪ್ರಶ್ನೆಗಳು ಚರಿತ್ರೆಯಲ್ಲಿ ಕಡಿಮೆಯಿಲ್ಲ.

ಆದರೆ ಬೇಕನ್‌ನ ಪಠ್ಯ ಅಲ್ಲಿಗೇ ಮುಗಿಯುವುದಿಲ್ಲ. ಬೆನ್ಸಲೆಮ್ ಕ್ರೈಸ್ತವಾದ ಬಗೆಯನ್ನು ನೋಡಿ. ಕ್ರಿಸ್ತನ ಸ್ವರ್ಗಾರೋಹಣವಾದ ಸುಮಾರು ಇಪ್ಪತ್ತು ವರ್ಷಗಳ ಬಳಿಕ, ರೆನ್‌ಫ್ಯೂಸ ಎಂಬ ಊರಿನ ಎದುರಿಗೆ ಕಡಲಿನಲ್ಲಿ ಬೆಳಕಿನ ಕಂಬವೊಂದು ಮೂಡುತ್ತದೆ. ಅದರ ನೆತ್ತಿಯ ಮೇಲೆ ಇನ್ನೂ ಪ್ರಖರವಾದ ಬೆಳಕಿನ ಶಿಲುಬೆ. ಹತ್ತಿರ ಹೋದ ದೋಣಿಗಳು ಮುಂದೆ ಸರಿಯಲಾರದೆ ನಿಂತುಬಿಡುತ್ತವೆ. ಸೊಲೊಮೋನನ ಮಂದಿರವೆಂಬ ವಿಜ್ಞಾನಸಂಸ್ಥೆಯ ವಿದ್ವಾಂಸನೊಬ್ಬ ಪ್ರಾರ್ಥಿಸಿ, ಇದು ಪ್ರಕೃತಿಯ ಕೆಲಸವೂ ಅಲ್ಲ, ಕೈಚಳಕವೂ ಅಲ್ಲ, ನಿಜವಾದ ಪವಾಡವೆಂದು ದೃಢೀಕರಿಸುತ್ತಾನೆ. ಅವನ ದೋಣಿಯೊಂದು ಮಾತ್ರ ಮುಂದಕ್ಕೆ ಚಲಿಸುತ್ತದೆ. ಕಂಬ ನಕ್ಷತ್ರಗಳಾಗಿ ಚೆದುರಿ ಮಾಯವಾಗಿ, ದೇವದಾರಿನ ಪುಟ್ಟ ಮಂಜೂಷವೊಂದು ಉಳಿಯುತ್ತದೆ. ಅದು ಒಂದಿಷ್ಟೂ ನೆನೆದಿಲ್ಲ. ಅದರ ಮುಂತುದಿಯಲ್ಲಿ ಹಸಿರು ತಾಳೆಯ ಗರಿ. ಒಳಗೆ ಬೈಬಲ್ಲಿನ ಗ್ರಂಥಗಳು ಮತ್ತು ಅಪೊಸ್ತಲ ಬಾರ್ತೊಲೊಮಾಯನ ಪತ್ರ. ನೋಹನ ನಾವೆಯೂ ಮರುಭೂಮಿಯಲ್ಲಿ ದಾರಿ ತೋರಿದ ಅಗ್ನಿಸ್ತಂಭವೂ ಇಲ್ಲಿ ಒಂದಾಗಿವೆ. ಧರ್ಮಗ್ರಂಥಕ್ಕೆ ಪ್ರವೇಶಪತ್ರ ನೀಡುವವನು ವಿಜ್ಞಾನಿಯೆಂಬುದು ಬೇಕನ್‌ನ ಹೊಸತನ.

ಆಗ ಆ ದ್ವೀಪದಲ್ಲಿ ಸ್ಥಳೀಯರಲ್ಲದೆ ಹೀಬ್ರೂಗಳು, ಪಾರಸಿಕರು, ಭಾರತೀಯರೂ ಇದ್ದರು. ಪ್ರತಿಯೊಬ್ಬರಿಗೂ ಆ ಗ್ರಂಥ ತಮ್ಮ ತಮ್ಮ ಭಾಷೆಯಲ್ಲೇ ಬರೆದಂತೆ ಓದಲು ಒದಗಿತು. ಬಾರ್ತೊಲೊಮಾಯನು ಭಾರತಕ್ಕೆ ಹೋಗಿದ್ದನೆಂಬ ಐತಿಹ್ಯವನ್ನು ನಾಲ್ಕನೆಯ ಶತಮಾನದ ಯೂಸೇಬಿಯಸನ ಚರ್ಚಿನ ಇತಿಹಾಸ ದಾಖಲಿಸಿದೆ. ದೂರದ ತೀರಗಳ ಈ ಅಪೊಸ್ತಲನನ್ನೇ ಬೇಕನ್ ಆರಿಸಿಕೊಂಡದ್ದು ಸಾರ್ಥಕವಾಗಿದೆ. ದಡದಲ್ಲಿ ನಿಂತ ಶಿಲುಬೆ ನೀನು ಯಾರೆಂದು ವಿಚಾರಿಸುತ್ತದೆ; ಕಡಲಿನಿಂದ ಬಂದ ಶಿಲುಬೆ ಯಾರನ್ನೂ ವಿಚಾರಿಸದೆ ಅವರವರ ಭಾಷೆಯಲ್ಲಿ ಮಾತಾಡಿತ್ತು. ಒಂದೇ ಪ್ರತೀಕ ಒಮ್ಮೆ ಕೊಡುಗೆಯಾಗಿ ಬಂದು ಮುಂದೆ ತಪಾಸಣೆಯ ಮುದ್ರೆಯಾದದ್ದನ್ನು, ತಿಳಿದೋ ತಿಳಿಯದೆಯೋ, ಬೇಕನ್ ದಾಖಲಿಸಿದ್ದಾನೆ. ಬೆನ್ಸಲೆಮ್‌ನಲ್ಲಿ ಯೆಹೂದಿಗಳೂ ಇದ್ದಾರೆ. ಜೋಆಬಿನ್ ಎಂಬ ಯೆಹೂದಿ ವ್ಯಾಪಾರಿ ವಿವೇಕಿಯೆಂದು ಮನ್ನಣೆ ಪಡೆದಿದ್ದಾನೆ. ಆದರೆ ಅವನು ಕ್ರಿಸ್ತನನ್ನು ಮನುಷ್ಯನಿಗಿಂತ ಮಿಗಿಲಾದವನೆಂದು ಒಪ್ಪುವವನು. ಸಹಿಷ್ಣುತೆಗೆ ಅಲ್ಲಿ ಇಷ್ಟು ಸುಂಕವಿದೆ.

ಹೀಗೆ ಪರರ ಬಾಗಿಲುಗಳನ್ನು ತೂಗಿ ನೋಡಿದವನು ತನ್ನ ಬಾಗಿಲನ್ನೂ ನೋಡಬೇಕಾಗುತ್ತದೆ. ಬೆಳಕಿನ ಕಂಬದ ಪ್ರಸಂಗವನ್ನು ಓದುವಾಗ ನನಗೆ ಸಮವಸರಣದ ಮಾನಸ್ತಂಭ ನೆನಪಾಗದೆ ಇರದು. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನನ್ನು ಪಾಠ ಮಾಡುವವನಿಗೆ ಸಮವಸರಣವೆಂದರೆ ಕನ್ನಡ ಕಾವ್ಯದ ಪರಮಾದರ್ಶ ನಗರ. ಹನ್ನೆರಡು ಕೋಷ್ಠಗಳಲ್ಲಿ ದೇವತೆಗಳು, ಮುನಿಗಳು, ಆರ್ಯಿಕೆಯರು, ಮನುಷ್ಯರು ಮಾತ್ರವಲ್ಲ, ವೈರ ಮರೆತ ಮೃಗಪಕ್ಷಿಗಳೂ ಕುಳಿತಿರುತ್ತವೆ. ದಿವ್ಯಧ್ವನಿ ಅವರವರ ಭಾಷೆಯಲ್ಲಿ ಅವರವರಿಗೆ ಮುಟ್ಟುತ್ತದೆ. ವಾದಕ್ಕೆಂದು ಬಂದ ಇಂದ್ರಭೂತಿ ಗೌತಮನ ಅಹಂಕಾರ ಮಾನಸ್ತಂಭವನ್ನು ಕಂಡೊಡನೆ ಕರಗಿತು, ಅವನು ಮಹಾವೀರರ ಪ್ರಥಮ ಗಣಧರನಾದನು. ನಮ್ಮ ಕಂಬ ಕುಲಗೋತ್ರ ವಿಚಾರಿಸುವುದಿಲ್ಲ, ಮಾನಕಷಾಯವನ್ನಷ್ಟೇ ಇಳಿಸಲು ಹೇಳುತ್ತದೆ ಎಂದು ಇಲ್ಲಿಗೆ ಮುಗಿಸಿಬಿಡುವುದು ಸುಲಭ. ಆದರೆ ತಿಲೋಯಪಣ್ಣತ್ತಿಯು ಆ ಕೋಷ್ಠಗಳಲ್ಲಿ ಮಿಥ್ಯಾದೃಷ್ಟಿಗಳಿಗೂ ಅಭವ್ಯರಿಗೂ ಎಡೆಯಿಲ್ಲವೆನ್ನುತ್ತದೆ. ಗೌತಮನು ಕಂಬದ ಬಳಿ ಬದಲಾದ ಮೇಲಷ್ಟೇ ಒಳಗಿನವನಾದನು. ಹುಲಿ ಜಿಂಕೆಗಳೆರಡೂ ಕುಳಿತ ಸಭೆಯ ಹೊರಗೂ ಯಾರೋ ಉಳಿದಿದ್ದಾರೆ. ಪ್ರಶ್ನೆಯ ಸ್ವರೂಪ ಬೇರೆಯಾಗಿರಬಹುದು. ಪ್ರಶ್ನೆಯೇ ಇಲ್ಲದ ಬಾಗಿಲು ನಮ್ಮದೂ ಅಲ್ಲ.

ಈ ಅರಿವಿನಿಂದ ಸಂಶೋಧಕನಿಗೆ ಎರಡು ಪ್ರಯೋಜನಗಳುಂಟು. ಒಂದು, ಕ್ರೈಸ್ತ ಯುಟೋಪಿಯಗಳನ್ನು ಹೊರಗಿನವನ ದೂರಿನ ದನಿಯಲ್ಲಿ ಓದುವ ಅಗತ್ಯ ಬೀಳುವುದಿಲ್ಲ. ಬಾಗಿಲಿನ ಸಂಕಟ ಎಲ್ಲ ಆದರ್ಶಗಳಿಗೂ ಸಮಾನವಾದದ್ದು. ಎರಡು, ಒಂದೇ ಧರ್ಮದ ಪ್ರತೀಕಗಳು ನಾಲ್ವರು ಲೇಖಕರಲ್ಲಿ ನಾಲ್ಕು ಬಗೆಯಾಗಿ ವರ್ತಿಸುವುದು ಕಾಣತೊಡಗುತ್ತದೆ. ಮೋರ್ ಅವನ್ನು ಹಿಂದಕ್ಕೆ ಸರಿಸಿ ಜಾಗ ಬಿಟ್ಟನು. ಕಂಪನೆಲ್ಲಾ ಸಾಲಾಗಿ ನಿಲ್ಲಿಸಿ ಎತ್ತರ ಗೊತ್ತುಮಾಡಿದನು. ಆಂಡ್ರೆಯೆ ಅವುಗಳಿಂದಲೇ ನಗರ ಕಟ್ಟಿದನು. ಬೇಕನ್ ಅವನ್ನು ರಾಜಮುದ್ರೆಯಾಗಿಸಿದನು. ಕ್ರೈಸ್ತ ಪ್ರತೀಕವೆಂದು ಒಂದೇ ಹಣೆಪಟ್ಟಿ ಹಚ್ಚಿದರೆ ಈ ಭೇದಗಳೆಲ್ಲ ಅಳಿಸಿಹೋಗುತ್ತವೆ.

ಈ ನಾಲ್ವರಲ್ಲಿ ಯಾರ ನಾಡಿನಲ್ಲಿ ಬಾಳಲು ಬಯಸುವೆನೆಂಬುದಕ್ಕೆ ನನ್ನಲ್ಲಿ ಖಚಿತವಾದ ಉತ್ತರವಿಲ್ಲ. ಯಾವ ಪ್ರತೀಕದ ಮುಂದೆ ತಲೆಬಾಗುವೆನೆಂದು ಕೇಳಿದರೆ ಮಾತ್ರ ಹೇಳಬಲ್ಲೆ. ಕಂಪನೆಲ್ಲಾನ ನಗರದಲ್ಲಿ ಅಪರಿಚಿತನ ಕಾಲು ತೊಳೆಯಲು ತುಂಬಿಟ್ಟ ನೀರಿನ ಮುಂದೆ. ಸೆರೆಯಲ್ಲಿದ್ದವನಿಗೆ ಬಾಗಿಲೆಂದರೆ ಏನೆಂಬುದು ಉಳಿದ ಮೂವರಿಗಿಂತ ಚೆನ್ನಾಗಿ ಗೊತ್ತಿದ್ದಿರಬೇಕು.